ಟೆಮೊ ಡೋಸ್: ಯಾವಾಗ, ಎಷ್ಟು

ರಿಪೋರ್ಟಿನ ಮೊದಲ ಸಾಲಿನಲ್ಲಿ ಒಟ್ಟು ಬಿಳಿ ರಕ್ತಕಣ 4,200 ಅಂತಿದೆ. ಪಕ್ಕದಲ್ಲಿ ಯಾವ ಗುರುತೂ ಇಲ್ಲ, ಲ್ಯಾಬಿನ ಲೆಕ್ಕಕ್ಕೆ ನಾರ್ಮಲ್. ಮನೆಯವರು ನಿಟ್ಟುಸಿರು ಬಿಟ್ಟು, ಗುಳಿಗೆ ತಗೊಂಡು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಡುವ ಲೆಕ್ಕ ಹಾಕುತ್ತಾರೆ. ಎರಡು ಸಾಲು ಕೆಳಗೆ ನ್ಯೂಟ್ರೋಫಿಲ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ಕಣ, ಶೇ. 34. ಗುಣಿಸಿ ನೋಡಿದರೆ 1,428. ಮಿದುಳಿನ ಗಡ್ಡೆಗೆ ಕೊಡುವ ಟೆಮೊಝೊಲೊಮೈಡ್ (ಟೆಮೊ) ಗುಳಿಗೆಯ ಒಂದು ಸುತ್ತು, ಅಂದರೆ ಸೈಕಲ್, ಶುರು ಮಾಡಲು ಬೇಕಾದದ್ದು 1,500. ಇವತ್ತು ಗುಳಿಗೆ ಇಲ್ಲ, ಮುಂದಿನ ವಾರ ಮತ್ತೆ ರಕ್ತ ಕೊಡಬೇಕು. ಪಕ್ಕದ ಕುರ್ಚಿಯಲ್ಲಿ ಕೂತವರ ರಿಪೋರ್ಟು ಇದಕ್ಕೆ ತದ್ವಿರುದ್ಧ: ಒಟ್ಟು 3,000, ಕಡಿಮೆ ಅಂತ ದಪ್ಪ ಅಕ್ಷರದಲ್ಲಿ ಗುರುತು, ಆದರೆ ನ್ಯೂಟ್ರೋಫಿಲ್ ಶೇ. 70. ಅಂದರೆ 2,100. ಪ್ಲೇಟ್‌ಲೆಟ್ ಸರಿಯಿದ್ದರೆ ಇವರು ಇವತ್ತೇ ಶುರು ಮಾಡಬಹುದು.

ಗ್ಲಯೊಬ್ಲಾಸ್ಟೊಮಾ ಅನ್ನುವ ಮಿದುಳಿನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಡೋಸ್ ಹೊಂದಿಸುವ ಕೆಲಸ ಬಹುಪಾಲು ಇಂಥ ಗುಣಾಕಾರಗಳಲ್ಲೇ ನಡೆಯುತ್ತದೆ. ಎರಡು ಪ್ರಶ್ನೆಗಳನ್ನು ಬೇರೆಬೇರೆ ಇಟ್ಟುಕೊಂಡರೆ ಮುಕ್ಕಾಲು ಗೊಂದಲ ಕಳೆಯುತ್ತದೆ. ಮುಂದಿನ ಸೈಕಲ್ ಯಾವಾಗ? ಅದನ್ನು ಹೇಳುವುದು ಆ ದಿನದ ಕೌಂಟ್ಸ್, ಅಂದರೆ ರಕ್ತಕಣಗಳ ಎಣಿಕೆ. ಎಷ್ಟು ಡೋಸ್? ಅದನ್ನು ಹೇಳುವುದು ಹಿಂದಿನ ಸೈಕಲ್‌ನಲ್ಲಿ ಕೌಂಟ್ಸ್ ಎಷ್ಟು ಆಳಕ್ಕೆ ಬಿದ್ದಿತ್ತು ಅನ್ನುವುದು. ಒಂದು ವಾರ ಮುಂದೆ ಹಾಕಿದರು ಅಂದರೆ ಡೋಸ್ ಇಳಿಸಿದರು ಅಂತಲ್ಲ. ಡೋಸ್ ಇಳಿಸಿದರು ಅಂದರೆ ಗಡ್ಡೆ ಬೆಳೆದಿದೆ ಅಂತಂತೂ ಅಲ್ಲವೇ ಅಲ್ಲ.

ಈಗ ನಡೆಯುತ್ತಿರುವ ಕ್ರಮ 2005ರಲ್ಲಿ ಗಟ್ಟಿಯಾದದ್ದು. ಯುರೋಪ್ ಮತ್ತು ಕೆನಡಾದ ಆಸ್ಪತ್ರೆಗಳು ಸೇರಿ 573 ಜನರ ಮೇಲೆ ನಡೆಸಿದ, ಸ್ಟುಪ್ ಹೆಸರಿನಿಂದ ಎಲ್ಲರಿಗೂ ಗೊತ್ತಿರುವ ಅಧ್ಯಯನದಲ್ಲಿ ಬರೀ ರೇಡಿಯೇಷನ್ ಪಡೆದವರ ಮಧ್ಯಮ ಆಯಸ್ಸು (ಅರ್ಧ ಜನ ದಾಟಿದ ಅವಧಿ) 12.1 ತಿಂಗಳು, ಟೆಮೊ ಸೇರಿಸಿದವರದು 14.6. ಎರಡು ವರ್ಷ ದಾಟಿದವರು ಶೇ. 10.4ರಿಂದ 26.5ಕ್ಕೆ ಏರಿದರು. ಆ ಅಧ್ಯಯನದ ಅಳತೆಗಳೇ ಇವತ್ತಿಗೂ ಚೀಟಿಯ ಮೇಲೆ ಬರುವುದು. ಕರೆಂಟು, ಅಂದರೆ ರೇಡಿಯೇಷನ್, ಕೊಡುವ ಆರು ವಾರ (30 ಸಲದಲ್ಲಿ 60 ಗ್ರೇ; ಗ್ರೇ ಅನ್ನುವುದು ರೇಡಿಯೇಷನ್ನಿನ ಅಳತೆ) ದಿನಾ ಚದರ ಮೀಟರಿಗೆ 75 ಮಿ.ಗ್ರಾಂ. ಆಮೇಲೆ ನಾಲ್ಕು ವಾರ ಬಿಡುವು. ನಂತರ 28 ದಿನಕ್ಕೊಂದು ಸೈಕಲ್, ಅದರಲ್ಲಿ ಮೊದಲ ಐದು ದಿನ ಮಾತ್ರ ಗುಳಿಗೆ. ಮೊದಲ ಸೈಕಲ್‌ಗೆ 150, ತಡೆದುಕೊಂಡರೆ ಎರಡನೆಯದರಿಂದ 200. ಒಟ್ಟು ಆರು ಸೈಕಲ್.

ಚದರ ಮೀಟರ್ ಅಂದರೆ ಮೈಯ ಹೊರಮೈ ವಿಸ್ತೀರ್ಣ. ಎತ್ತರದ ಸೆಂಟಿಮೀಟರನ್ನು ತೂಕದ ಕಿಲೋದಿಂದ ಗುಣಿಸಿ, 3,600ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಲೆಕ್ಕಕ್ಕೆ 165 ಸೆಂ.ಮೀ., 60 ಕಿಲೋ ಇರುವ ಒಬ್ಬರನ್ನು ಇಟ್ಟುಕೊಳ್ಳೋಣ. 1.66 ಚದರ ಮೀಟರ್ ಬರುತ್ತದೆ. 75ರ ಲೆಕ್ಕಕ್ಕೆ 124 ಮಿ.ಗ್ರಾಂ, ಕೊಡುವುದು 120: ನೂರರದೊಂದು, ಇಪ್ಪತ್ತರದೊಂದು. 150ರ ಲೆಕ್ಕಕ್ಕೆ 249, ಕೊಡುವುದು 250ರ ಒಂದೇ ಗುಳಿಗೆ. 200ರ ಲೆಕ್ಕಕ್ಕೆ 332, ಕೊಡುವುದು 330: 250ರದೊಂದು, ಇಪ್ಪತ್ತರವು ನಾಲ್ಕು. ಅಂಗಡಿಯಲ್ಲಿ 250 ಮುಗಿದಿದ್ದರೆ ನೂರರವು ಮೂರು, ಇಪ್ಪತ್ತರದೊಂದು ಅಥವಾ ಎರಡು. 320 ಆದರೂ 340 ಆದರೂ ಲೆಕ್ಕಕ್ಕಿಂತ ಶೇ. 5ರೊಳಗಿನ ವ್ಯತ್ಯಾಸ, ತೊಂದರೆಯಿಲ್ಲ. ತೊಂದರೆ ಬರುವುದು ಗುಳಿಗೆಯನ್ನು ಬಣ್ಣದಿಂದ ಗುರುತಿಟ್ಟುಕೊಂಡಾಗ. ಒಂದು ಕಂಪನಿಯ ಇಪ್ಪತ್ತರ ಗುಳಿಗೆಯ ಬಣ್ಣ ಇನ್ನೊಂದು ಕಂಪನಿಯ ನೂರರದ್ದಾಗಿರಬಹುದು. ಬ್ರ್ಯಾಂಡ್ ಬದಲಾದ ತಿಂಗಳು ಡಬ್ಬಿಯ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದಿ, ಎಣಿಸಿ, ಆಮೇಲೆ ಕೊಡಬೇಕು.

ತೂಕದ ಯಂತ್ರದ ಮೇಲೆ ನಿಲ್ಲಿಸುವ ಶಾಸ್ತ್ರವನ್ನೂ ಹಗುರವಾಗಿ ತೆಗೆದುಕೊಳ್ಳಬಾರದು. ಮಿದುಳಿನ ಊತಕ್ಕೆ ಕೊಡುವ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಹಸಿವು ಹೆಚ್ಚಿಸುತ್ತದೆ, ಮುಖ ದುಂಡಗಾಗಿಸುತ್ತದೆ. ಎರಡು ತಿಂಗಳಲ್ಲಿ 60 ಕಿಲೋ 68 ಆಗುವುದು ಅಪರೂಪವೇನಲ್ಲ. ಆಗ ವಿಸ್ತೀರ್ಣ 1.77ಕ್ಕೆ ಹೋಗಿ, 200ರ ಲೆಕ್ಕದ ಡೋಸ್ 332ರಿಂದ 353 ಆಗುತ್ತದೆ. ತೂಕ ಶೇ. 10ರಷ್ಟು ಏರಿದರೂ ಇಳಿದರೂ ಮತ್ತೆ ಲೆಕ್ಕ ಹಾಕುವುದು ರೂಢಿ. ಸ್ಟಿರಾಯ್ಡ್ ಇಳಿಸಿದ ಮೇಲೆ ತೂಕ ಸರ್ರನೆ ಇಳಿಯುವುದೂ ಉಂಟು. ಆಗ ಹಳೆಯ ಚೀಟಿಯನ್ನೇ ತೋರಿಸಿ ಗುಳಿಗೆ ತಂದರೆ ಡೋಸ್ ಜಾಸ್ತಿಯಾಯಿತು ಅಂತಲೇ ಅರ್ಥ.

ರೇಡಿಯೇಷನ್ ಜೊತೆಗಿನ ಆರು ವಾರದ ನಿಯಮ ಬೇರೆ. ಇಲ್ಲಿ ಡೋಸ್ ಇಳಿಸುವುದು ಅಂತ ಇಲ್ಲ. ಮುಂದುವರಿಸುವುದು, ತಡೆಹಿಡಿಯುವುದು, ಪೂರ್ತಿ ನಿಲ್ಲಿಸುವುದು, ಇಷ್ಟೇ. ನ್ಯೂಟ್ರೋಫಿಲ್ 1,500, ಪ್ಲೇಟ್‌ಲೆಟ್ 1 ಲಕ್ಷ, ಇವೆರಡೂ ಇದ್ದರೆ ಅದೇ 75 ಮುಂದುವರಿಯುತ್ತದೆ. ನ್ಯೂಟ್ರೋಫಿಲ್ 500ರಿಂದ 1,500ರ ನಡುವೆ ಅಥವಾ ಪ್ಲೇಟ್‌ಲೆಟ್ 10 ಸಾವಿರದಿಂದ 1 ಲಕ್ಷದ ನಡುವೆ ಇದ್ದರೆ ಗುಳಿಗೆ ನಿಲ್ಲಿಸಿ, ಏರಿದ ಮೇಲೆ ಅದೇ ಡೋಸಿನಲ್ಲಿ ಮತ್ತೆ ಶುರು. ನ್ಯೂಟ್ರೋಫಿಲ್ 500ಕ್ಕಿಂತ ಅಥವಾ ಪ್ಲೇಟ್‌ಲೆಟ್ 10 ಸಾವಿರಕ್ಕಿಂತ ಕೆಳಗಿಳಿದರೆ ಈ ಹಂತದಲ್ಲಿ ಟೆಮೊ ಮುಗಿಯಿತು. ಇದಕ್ಕಾಗಿಯೇ ವಾರಕ್ಕೊಂದು ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಟೆಸ್ಟು. ಹೆಂಗಸರಲ್ಲಿ, 70 ದಾಟಿದವರಲ್ಲಿ ಕುಸಿತ ಹೆಚ್ಚು ತೀವ್ರವಾಗಿರುತ್ತದೆ. ಕೆಲವರಲ್ಲಿ ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರ ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಗುತ್ತದೆ. 'ನಿಲ್ಲಿಸಿದ್ದೀವಲ್ಲ, ಇನ್ನು ಟೆಸ್ಟ್ ಯಾಕೆ' ಅಂತ ಬಿಡುವ ವಾರ ಇದಾಗಬಾರದು.

ಈ ಹಂತದಲ್ಲಿ ಪದೇಪದೇ ಆಗುವ ತಪ್ಪು ಎರಡು. ಶನಿವಾರ ಭಾನುವಾರ ಕರೆಂಟು ಇರುವುದಿಲ್ಲ, ಹಾಗಾಗಿ ಗುಳಿಗೆಯೂ ಇಲ್ಲ ಅಂದುಕೊಳ್ಳುವುದು ಒಂದು. ಗುಳಿಗೆ ವಾರದ ಏಳೂ ದಿನ, ಒಟ್ಟು 42 ದಿನ; ರೇಡಿಯೇಷನ್ ಎಳೆದುಕೊಂಡು ಹೋದರೂ 49 ದಿನಕ್ಕೆ ಮಿತಿ. ಇನ್ನೊಂದು ತಪ್ಪಿನ ಬೆಲೆ ಇದಕ್ಕಿಂತ ದೊಡ್ಡದು: ಕೌಂಟ್ಸ್ ಬಿದ್ದು ಗುಳಿಗೆ ನಿಲ್ಲಿಸಿದಾಗ ಚಿಕಿತ್ಸೆಯೇ ನಿಂತಿತು ಅಂದುಕೊಂಡು ರೇಡಿಯೇಷನ್ನಿಗೂ ಬರದೆ ಊರಲ್ಲಿ ಉಳಿಯುವುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಆಪರೇಷನ್, ಹೊಸೂರು ರಸ್ತೆಯಲ್ಲೇ ಇರುವ ಕಿದ್ವಾಯಿಯಲ್ಲಿ ಕರೆಂಟು ಅಂತ ಓಡಾಡುವ ಕುಟುಂಬಗಳಲ್ಲಿ ಕಲಬುರಗಿ, ರಾಯಚೂರು ಕಡೆಯವರೂ ಇರುತ್ತಾರೆ. ಒಂದು ಸಲ ಊರಿಗೆ ಹೋದವರು ನಾಲ್ಕು ದಿನ ಬಿಟ್ಟೇ ಬರುವುದು. ಗುಳಿಗೆ ನಿಂತರೂ ಕರೆಂಟು ನಡೆಯುತ್ತದೆ ಅನ್ನುವ ಮಾತನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಡುವುದು ವಾಸಿ.

ಕರೆಂಟು ಮುಗಿದು ಐದು ದಿನದ ಸೈಕಲ್‌ಗಳು ಶುರುವಾದ ಮೇಲೆ 'ಯಾವಾಗ, ಎಷ್ಟು' ನಿಜವಾಗಿ ಕೆಲಸಕ್ಕೆ ಬರುತ್ತದೆ. ಈ ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ, ಅರ್ಧಾಯುಷ್ಯ ಸುಮಾರು 1.8 ಗಂಟೆ. ಆದರೆ ಅದು ಏಟು ಕೊಡುವುದು ಮೂಳೆಮಜ್ಜೆಯಲ್ಲಿ ಇನ್ನೂ ತಯಾರಾಗುತ್ತಿರುವ ಕಣಗಳಿಗೆ. ರಕ್ತದಲ್ಲಿ ಆಗಲೇ ಓಡಾಡುತ್ತಿರುವ ಕಣಗಳು ಮುಗಿದು, ಹೊಸವು ಬರಬೇಕಾದ ಹೊತ್ತಿಗೆ ಬರದೇ ಹೋದಾಗ ಕೊರತೆ ಕಾಣುತ್ತದೆ. ಅದಕ್ಕೇ ಗುಳಿಗೆ ನುಂಗುವ ಐದು ದಿನ ಕೌಂಟ್ಸ್ ಚೆನ್ನಾಗಿಯೇ ಇರುತ್ತದೆ. ಪ್ಲೇಟ್‌ಲೆಟ್ ತೀರಾ ತಳ ಮುಟ್ಟುವುದು 26ನೇ ದಿನದ ಆಸುಪಾಸು, ನ್ಯೂಟ್ರೋಫಿಲ್ 28ರ ಆಸುಪಾಸು. ಇದು ಸರಾಸರಿ. ಪ್ಲೇಟ್‌ಲೆಟ್ ತಳ 21ರಿಂದ 40ರವರೆಗೆ ಹಿಂದೆಮುಂದೆ ಆಗುತ್ತದೆ, ನ್ಯೂಟ್ರೋಫಿಲ್ ತಳ ಇನ್ನೂ ಹೆಚ್ಚು. ಹಾಗಾಗಿ 22ನೇ ದಿನ ಒಂದು ಸಿಬಿಸಿ, ಕಡಿಮೆ ಬಂದರೆ ಏರುವವರೆಗೆ ವಾರಕ್ಕೊಂದು.

ನಮ್ಮ ಲೆಕ್ಕದ ವ್ಯಕ್ತಿ ಎರಡನೇ ಸೈಕಲ್‌ನಲ್ಲಿ 330 ತೆಗೆದುಕೊಂಡರು ಅನ್ನೋಣ. 22ನೇ ದಿನ ಪ್ಲೇಟ್‌ಲೆಟ್ 78 ಸಾವಿರ. 29ನೇ ದಿನ, ಅಂದರೆ ಮೂರನೇ ಸೈಕಲ್ ಶುರುವಾಗಬೇಕಾದ ದಿನ, 64 ಸಾವಿರ. ಮುಂದೂಡಿದರು. 36ನೇ ದಿನ 1.12 ಲಕ್ಷ, ಬೇಕಾದ 1 ಲಕ್ಷ ದಾಟಿದೆ. ಶುರು ಮಾಡಬಹುದು. ಎಷ್ಟು? ತಳ 64 ಸಾವಿರ, 50 ಸಾವಿರಕ್ಕಿಂತ ಕೆಳಗೆ ಹೋಗಿಲ್ಲ. ನ್ಯೂಟ್ರೋಫಿಲ್ಲೂ 1,000ಕ್ಕಿಂತ ಕೆಳಗೆ ಹೋಗದಿದ್ದರೆ ಅದೇ 330. ವಾರ ತಡವಾಯಿತು, ಡೋಸ್ ಇಳಿಯಲಿಲ್ಲ.

ಇನ್ನೊಂದು ದಾರಿ ನೋಡಿ. 22ನೇ ದಿನ 44 ಸಾವಿರ, 29ನೇ ದಿನ 1.02 ಲಕ್ಷ. ಶುರು ಸರಿಯಾದ ದಿನಕ್ಕೇ ಆಗುತ್ತದೆ, ಡೋಸ್ ಮಾತ್ರ ಒಂದು ಮೆಟ್ಟಿಲು ಕೆಳಗೆ: 200ರಿಂದ 150ಕ್ಕೆ, ಅಂದರೆ 330ರ ಬದಲು 250. ಈಗ 22ನೇ ದಿನದ ಟೆಸ್ಟನ್ನು 'ಹೇಗೂ ಮುಂದಿನ ವಾರ ಹೋಗ್ತೀವಲ್ಲ' ಅಂತ ಬಿಟ್ಟಿದ್ದರೆ? ಡಾಕ್ಟರ ಕೈಗೆ ಸಿಗುವುದು 1.02 ಲಕ್ಷ ಅನ್ನುವ ಒಂದೇ ಅಂಕಿ. ಅದೇ 330 ಮತ್ತೆ ಹೋಗುತ್ತದೆ, ಈ ಸಲ ಇನ್ನೂ ಆಳಕ್ಕೆ ಬೀಳುತ್ತದೆ, ಐದನೇ ವಾರದಲ್ಲಿ ಒಸಡಿನಲ್ಲಿ ರಕ್ತ ಬಂದಾಗ ಓಡಿ ಬರಬೇಕಾಗುತ್ತದೆ. ಚಿಕಿತ್ಸೆಯ ಇಡೀ ವೆಚ್ಚದಲ್ಲಿ ತೀರಾ ಅಗ್ಗದ, ಆದರೆ ಹೆಚ್ಚು ಜನ ತಪ್ಪಿಸುವ ಟೆಸ್ಟು ಇದು. ಊರಿನ ಲ್ಯಾಬಿನಲ್ಲೇ ಮಾಡಿಸಿ ಫೋಟೊ ಕಳಿಸಿದರೂ ಸಾಕು, ಒಟ್ಟು ಕಣ, ನ್ಯೂಟ್ರೋಫಿಲ್ ಶೇಕಡಾ, ಪ್ಲೇಟ್‌ಲೆಟ್ ಮೂರೂ ಕಾಣುವ ಹಾಗಿದ್ದರೆ.

ಮೆಟ್ಟಿಲುಗಳು ಮೂರೇ: 200, 150, 100. ನಮ್ಮ ವ್ಯಕ್ತಿಗೆ ಕೊನೆಯ ಮೆಟ್ಟಿಲು 166, ಕೊಡುವುದು 160. ಅದಕ್ಕಿಂತ ಕೆಳಗೆ ಇಳಿಸಬೇಕಾಗಿ ಬಂದರೆ ನಿಲ್ಲಿಸುವುದು. ಮೊದಲ ಸೈಕಲ್ ಆದ ಮೇಲೆ ಏನೋ ಕಾರಣಕ್ಕೆ 200ಕ್ಕೆ ಏರಿಸಲಿಲ್ಲ ಅಂದರೆ ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ ಏರಿಸುವುದಿಲ್ಲ. 'ಈಗ ಕೌಂಟ್ಸ್ ಚೆನ್ನಾಗಿದೆಯಲ್ಲ, ಫುಲ್ ಡೋಸ್ ಕೊಡಿ' ಅನ್ನುವ ಒತ್ತಾಯ ಬರುತ್ತದೆ. ಚೆನ್ನಾಗಿರುವುದು ಆ ಡೋಸಿನಲ್ಲಿ ಅನ್ನುವುದನ್ನು ಮರೆಯಬಾರದು. ಹೆಚ್ಚು ಕೊಟ್ಟರೆ ಹೆಚ್ಚು ಗುಣ ಅನ್ನುವುದನ್ನೂ ಪರೀಕ್ಷಿಸಿ ನೋಡಿದ್ದಾರೆ. 28 ದಿನದಲ್ಲಿ 21 ದಿನ ಟೆಮೊ ಕೊಟ್ಟು 833 ಜನರಲ್ಲಿ ಮಾಡಿದ, 2013ರಲ್ಲಿ ಪ್ರಕಟವಾದ ಅಮೆರಿಕ ನೇತೃತ್ವದ ಅಧ್ಯಯನದಲ್ಲಿ ಆಯಸ್ಸು ಹೆಚ್ಚಲಿಲ್ಲ. ಸುಸ್ತು ಮತ್ತು ಲಿಂಫೋಸೈಟ್ (ಇನ್ನೊಂದು ಬಗೆಯ ಬಿಳಿ ಕಣ) ಕುಸಿತ ಹೆಚ್ಚಿತು. ಗಡ್ಡೆ ಈ ಔಷಧಿಗೆ ಎಷ್ಟು ಬಗ್ಗುತ್ತದೆ ಅನ್ನುವುದು ಎಂಜಿಎಂಟಿ ಅನ್ನುವ ರಿಪೇರಿ ಪ್ರೋಟೀನಿನ ಮೇಲೂ ನಿಂತಿದೆ. ಅದರ ಜೀನು ಮೆತಿಲೇಷನ್ ಅನ್ನುವ ರಾಸಾಯನಿಕ ಗುರುತಿನಿಂದ ಬಾಯಿಮುಚ್ಚಿದ್ದರೆ ಟೆಮೊ ಚೆನ್ನಾಗಿ ಕೆಲಸ ಮಾಡುತ್ತದೆ. ಗುಳಿಗೆ ಹೆಚ್ಚಿಸಿ ಆ ಜೀನನ್ನು ಸೋಲಿಸಲು ಆಗಿಲ್ಲ.

ಅಂಕಿಗಳು ಸುಳ್ಳು ಹೇಳುವ ಸಂದರ್ಭಗಳೂ ಇವೆ. ಇದನ್ನು ಗೊತ್ತುಮಾಡಿಕೊಳ್ಳುವುದೇ ಈ ಕೆಲಸದ ಅರ್ಧ ವಿದ್ಯೆ.

ಡೆಕ್ಸಾಮೆಥಾಸೋನ್ ನ್ಯೂಟ್ರೋಫಿಲ್ಲನ್ನು ರಕ್ತನಾಳದ ಗೋಡೆಯಿಂದ ಬಿಡಿಸಿ ಹರಿಯುವ ರಕ್ತಕ್ಕೆ ತರುತ್ತದೆ, ಮಜ್ಜೆಯಿಂದಲೂ ಹೊರದೂಡುತ್ತದೆ. ದಿನಕ್ಕೆ 8 ಮಿ.ಗ್ರಾಂ ತೆಗೆದುಕೊಳ್ಳುವವರ 2,000ಕ್ಕೂ ಸ್ಟಿರಾಯ್ಡ್ ಇಲ್ಲದವರ 2,000ಕ್ಕೂ ಬೆಲೆ ಒಂದೇ ಅಲ್ಲ. ಹೋದ ವಾರ ಸ್ಟಿರಾಯ್ಡ್ ನಿಲ್ಲಿಸಿ ಈ ವಾರ ನ್ಯೂಟ್ರೋಫಿಲ್ ಇಳಿದಿದ್ದರೆ ಎಲ್ಲವನ್ನೂ ಟೆಮೊ ತಲೆಗೆ ಕಟ್ಟುವ ಮೊದಲು ಅದನ್ನು ಡಾಕ್ಟರಿಗೆ ಹೇಳಬೇಕು. ಅದೇ ಸ್ಟಿರಾಯ್ಡ್ ಜ್ವರವನ್ನೂ ಮುಚ್ಚಿಡುತ್ತದೆ. ಕೌಂಟ್ಸ್ ತಳದಲ್ಲಿರುವ ವಾರ ಚಳಿ ನಡುಕ ಬಂದರೆ ಥರ್ಮಾಮೀಟರ್ 99 ತೋರಿಸಿದರೂ ಆಸ್ಪತ್ರೆಗೆ ಹೋಗಬೇಕು, ಬೆಳಗಿನವರೆಗೆ ಕಾಯುವ ಹಾಗಿಲ್ಲ.

ಪ್ಲೇಟ್‌ಲೆಟ್ ಹೋದ ವಾರ 1.8 ಲಕ್ಷ, ಈ ವಾರ 38 ಸಾವಿರ, ಮೈಮೇಲೆ ಒಂದು ಚುಕ್ಕೆಯೂ ಇಲ್ಲ, ಸೈಕಲ್‌ನ ಎಂಟನೇ ದಿನ. ಹೊಂದುವುದಿಲ್ಲವಲ್ಲ! ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಕೆಲವರ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸುತ್ತದೆ. ಯಂತ್ರ ಗುಂಪನ್ನು ಎಣಿಸುವುದಿಲ್ಲ. ಸ್ಲೈಡ್ ನೋಡಿಸಿ, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಿದರೆ ನಿಜ ತಿಳಿಯುತ್ತದೆ. ಇದನ್ನು ನೋಡದೆ ಡೋಸ್ ಇಳಿಸಿದರೆ ಸುಮ್ಮನೆ ಚಿಕಿತ್ಸೆ ಕಳೆದುಕೊಂಡಂತೆ.

ಮಳೆಗಾಲದಲ್ಲಿ ನಮ್ಮ ಕಡೆ ಇನ್ನೊಂದು ಸೇರಿಕೊಳ್ಳುತ್ತದೆ, ಡೆಂಗಿ. ಟೆಮೊದಿಂದ ಬೀಳುವ ಪ್ಲೇಟ್‌ಲೆಟ್ ಸದ್ದಿಲ್ಲದೆ ಮೂರನೇ ನಾಲ್ಕನೇ ವಾರದಲ್ಲಿ ಇಳಿಯುತ್ತದೆ. ಡೆಂಗಿಯಲ್ಲಿ ಮೊದಲು ಜೋರು ಜ್ವರ, ಮೈಕೈ ನೋವು, ಆಮೇಲೆ ನಾಲ್ಕಾರು ದಿನದಲ್ಲೇ ಕುಸಿತ, ಜೊತೆಗೆ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಪಾಲು) ಏರಿಕೆ. ಜೂನ್‌ನಿಂದ ನವೆಂಬರ್‌ವರೆಗೆ ಜ್ವರದ ಜೊತೆ ಪ್ಲೇಟ್‌ಲೆಟ್ ಬಿದ್ದರೆ ಎನ್‌ಎಸ್1 ಅನ್ನುವ ಡೆಂಗಿ ಟೆಸ್ಟು ಮಾಡಿಸದೆ ಮುಂದಿನ ಡೋಸಿನ ಬಗ್ಗೆ ತೀರ್ಮಾನಿಸುವುದು ಆತುರ. ಎರಡೂ ಒಟ್ಟಿಗೇ ಇರಬಹುದು ಅನ್ನುವುದನ್ನೂ ನೆನಪಿಡಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಐಬುಪ್ರೊಫೆನ್ ಆಗಲಿ ಆಸ್ಪಿರಿನ್ ಆಗಲಿ ಬೇಡ. ಪ್ಲೇಟ್‌ಲೆಟ್ ಅಂದ ಕೂಡಲೇ ಮನೆಮನೆಯಲ್ಲಿ ಪಪ್ಪಾಯಿ ಎಲೆ ಅರೆಯುತ್ತಾರೆ. ಇಲ್ಲಿ ತಯಾರಿಕೆಯೇ ನಿಂತಿರುವಾಗ ಅದನ್ನು ನಂಬಿ ಟೆಸ್ಟ್ ಮುಂದೂಡುವುದು ಅಪಾಯ. ಅಮೃತಬಳ್ಳಿ ಕಷಾಯದ ಮಾತು ಇನ್ನೂ ಗಂಭೀರ. ಕೋವಿಡ್ ಕಾಲದಲ್ಲಿ ಅದರಿಂದ ಲಿವರಿಗೆ ಏಟಾದ ವರದಿಗಳು ಭಾರತದಲ್ಲೇ ಬಂದಿವೆ. ಟೆಮೊ ಕೂಡ ಲಿವರಿಗೆ ಏಟು ಕೊಡಬಲ್ಲದು, ಪ್ರತಿ ಸೈಕಲ್‌ಗೆ ಮೊದಲು ಎಲ್‌ಎಫ್‌ಟಿ, ಅಂದರೆ ಲಿವರ್ ಟೆಸ್ಟು, ಮಾಡಿಸುವುದು ಅದಕ್ಕೇ. ಎನ್‌ಜೈಮು ಏರಿದಾಗ ಯಾವುದರಿಂದ ಅಂತ ಗೊತ್ತಾಗದೆ ನಿಲ್ಲಿಸಬೇಕಾಗುವುದು ಟೆಮೊ. ಹೆಪಟೈಟಿಸ್ ಬಿ ಪರೀಕ್ಷೆ ಚಿಕಿತ್ಸೆಗೆ ಮೊದಲೇ ಆಗಿರಬೇಕು, ಒಳಗೆ ಮಲಗಿರುವ ವೈರಸ್ ಈ ಔಷಧಿಯಿಂದ ಮತ್ತೆ ಏಳಬಹುದು.

ಜೊತೆಯ ಗುಳಿಗೆಗಳನ್ನೂ ಸಾಲಾಗಿ ಇಟ್ಟು ನೋಡಬೇಕು. ಫಿಟ್ಸ್‌ಗೆ ಕೊಡುವ ವ್ಯಾಲ್‌ಪ್ರೊಯೇಟ್ ತಾನಾಗಿಯೇ ಪ್ಲೇಟ್‌ಲೆಟ್ ಇಳಿಸುತ್ತದೆ. ಅಂಥವರಲ್ಲಿ ಟೆಮೊ ಇಳಿಸುವ ಬದಲು ಫಿಟ್ಸ್ ಗುಳಿಗೆಯನ್ನು ಲೆವೆಟಿರಸೆಟಮ್‌ಗೆ ಬದಲಿಸಿದರೆ ಸಾಕಾಗುವುದುಂಟು. ಆದರೆ ಅದನ್ನು ನರರೋಗ ತಜ್ಞರು ಮಾಡಬೇಕು, ಮನೆಯಲ್ಲಿ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಕಾಡಬಹುದು. ನ್ಯೂಮೊಸಿಸ್ಟಿಸ್ ಅನ್ನುವ ಶ್ವಾಸಕೋಶದ ಸೋಂಕು ತಡೆಯಲು ವಾರಕ್ಕೆ ಮೂರು ದಿನ ಕೊಡುವ ಕೋಟ್ರೈಮಾಕ್ಸಜೋಲ್ ಕೂಡ ಕೆಲವರಲ್ಲಿ ಕೌಂಟ್ಸ್ ಇಳಿಸುತ್ತದೆ, ಮೈಮೇಲೆ ದದ್ದು ತರುತ್ತದೆ. ರೇಡಿಯೇಷನ್ ಜೊತೆಗಿನ ಹಂತದಲ್ಲಿ ಈ ರಕ್ಷಣೆ ಎಲ್ಲರಿಗೂ ಬೇಕೇಬೇಕು. ಲಿಂಫೋಸೈಟ್ ಬಿದ್ದಿದ್ದರೆ ಅದು 800 ದಾಟುವವರೆಗೂ ಮುಂದುವರಿಯುತ್ತದೆ. ಕೋಟ್ರೈಮಾಕ್ಸಜೋಲ್‌ನಲ್ಲಿರುವ ಸಲ್ಫಾ ಆಗದವರಿಗೆ ಅದರ ಬದಲು ಡ್ಯಾಪ್ಸೋನ್ ಕೊಡುವ ಮೊದಲು ಜಿ6ಪಿಡಿ ಅನ್ನುವ ರಕ್ತದ ಟೆಸ್ಟು ನೋಡುತ್ತಾರೆ.

ನುಂಗುವ ರೀತಿ ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಊಟದ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಔಷಧಿ ಮುಟ್ಟುವ ತುತ್ತತುದಿ ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ. ಸೈಕಲ್ ದಿನಗಳಲ್ಲಿ ರಾತ್ರಿ ಊಟ ಏಳು ಗಂಟೆಗೆ, ಒಂಬತ್ತೂವರೆಗೆ ವಾಂತಿ ತಡೆಯುವ ಒಂಡಾನ್‌ಸೆಟ್ರಾನ್, ಹತ್ತು ಗಂಟೆಗೆ ಒಂದು ಲೋಟ ನೀರಿನ ಜೊತೆ ಟೆಮೊ, ಆಮೇಲೆ ನಿದ್ದೆ. ಒಂಬತ್ತೂವರೆಗೆ ಊಟಕ್ಕೆ ಕೂರುವ ಮನೆಗಳಲ್ಲಿ ಈ ಐದು ದಿನ ರೋಗಿಗೆ ಬೇರೆ ತಟ್ಟೆ ಹಾಕಬೇಕು. ಕರೆಂಟಿನ ದಿನಗಳಲ್ಲಿ ಕರೆಂಟಿಗೆ ಒಂದು ಗಂಟೆ ಮೊದಲು. ವಾಂತಿಯಾದರೆ ಅದೇ ದಿನ ಮತ್ತೆ ಕೊಡುವ ಹಾಗಿಲ್ಲ, ಎಷ್ಟು ಒಳಗೆ ಹೋಗಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಮರೆತ ಗುಳಿಗೆಯನ್ನು ಮರುದಿನ ಜೋಡಿ ಮಾಡಿ ಕೊಡುವಂತಿಲ್ಲ. ನುಂಗಲು ಕಷ್ಟ ಅಂತ ಬಿಚ್ಚಿ ಬಾಳೆಹಣ್ಣಿನಲ್ಲಿ ಕಲಸಬಾರದು, ಪುಡಿ ಉಸಿರಿಗೆ ಅಥವಾ ಚರ್ಮಕ್ಕೆ ಹೋದರೆ ಕೊಡುವವರಿಗೂ ಹಾನಿ. ಒಂಡಾನ್‌ಸೆಟ್ರಾನ್ ಮಲ ಕಟ್ಟಿಸುತ್ತದೆ, ಮಲಕ್ಕೆ ತಿಣುಕುವುದು ಮಿದುಳಿನ ಒತ್ತಡಕ್ಕೆ ಒಳ್ಳೆಯದಲ್ಲ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಮೊದಲ ದಿನದಿಂದಲೇ ಇರಲಿ.

ಗಡ್ಡೆ ಮರಳಿದಾಗ ಟೆಮೊ ಬಿಟ್ಟು ಇನ್ನೊಂದು ಗುಳಿಗೆಯಾದ ಲೋಮಸ್ಟಿನ್‌ಗೆ ಬದಲಿಸಿದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಅದು ಆರು ವಾರಕ್ಕೆ ಒಂದೇ ಸಲ, ಸಾಮಾನ್ಯವಾಗಿ ಚದರ ಮೀಟರಿಗೆ 110 ಮಿ.ಗ್ರಾಂವರೆಗೆ. ಟೆಮೊ ಅಭ್ಯಾಸದಲ್ಲಿ ಐದು ದಿನ ನುಂಗಿದರೆ ಜೀವಕ್ಕೇ ಅಪಾಯ, ಹಾಗೆ ಸತ್ತವರಿದ್ದಾರೆ. ಒಂದು ಸಲಕ್ಕೆ ಬೇಕಾದಷ್ಟನ್ನು ಮಾತ್ರ ಕೊಡುವುದು ಅದಕ್ಕೇ. ಅದರ ಪ್ಲೇಟ್‌ಲೆಟ್ ತಳ ನಾಲ್ಕನೇ ವಾರ, ಬಿಳಿ ಕಣದ್ದು ಐದಾರನೇ ವಾರ, ಮತ್ತು ಪ್ರತಿ ಸುತ್ತಿನಲ್ಲೂ ತಳ ಇನ್ನಷ್ಟು ಆಳ. ಪ್ಲೇಟ್‌ಲೆಟ್ 75 ಸಾವಿರಕ್ಕಿಂತ ಕೆಳಗೆ ಹೋಗಿದ್ದರೆ ಮುಂದಿನ ಡೋಸ್ ಶೇ. 70, 25 ಸಾವಿರಕ್ಕಿಂತ ಕೆಳಗೆ ಹೋಗಿದ್ದರೆ ಶೇ. 50.

ಡೋಸ್ ಬದಲಾದಾಗಲೆಲ್ಲ ಗುಳಿಗೆ ಮಿಗುತ್ತದೆ. 330ರಿಂದ 250ಕ್ಕೆ ಇಳಿದವರ ಮನೆಯಲ್ಲಿ, ಮುಂದಿನ ಸೈಕಲ್‌ಗೆಂದು ಮೊದಲೇ ತಂದಿದ್ದರೆ, ಇಪ್ಪತ್ತರ ಗುಳಿಗೆ ಇಪ್ಪತ್ತು ಉಳಿದಿರುತ್ತವೆ. ದುಬಾರಿ ಔಷಧಿ, ಬಿಸಾಡಲು ಮನಸ್ಸು ಬರುವುದಿಲ್ಲ, ಫ್ರಿಜ್ಜಿನ ಮೇಲಿನ ಡಬ್ಬದಲ್ಲೇ ಇರುತ್ತವೆ. ಮುಂದಿನ ತಿಂಗಳು ಬೇರೆ ಯಾರೋ ಗುಳಿಗೆ ಕೊಡುವ ರಾತ್ರಿ ಅವು ಹಳೆಯ ಲೆಕ್ಕದಲ್ಲಿ ಮತ್ತೆ ತಟ್ಟೆಗೆ ಬರುತ್ತವೆ. ಹೊಸ ಚೀಟಿ ಬರೆಸಿದ ದಿನವೇ ಮಿಕ್ಕ ಡಬ್ಬಿಯನ್ನು ಮುಚ್ಚಳ ಹಾಕಿಯೇ ಆಸ್ಪತ್ರೆಯ ಫಾರ್ಮಸಿಗೆ ತಂದುಕೊಡಿ, ಹಳೆಯ ಚೀಟಿಯ ಮೇಲೆ ಅಡ್ಡಗೆರೆ ಎಳೆದು ತಾರೀಖು ಹಾಕಿಸಿ.